ನಿದ್ದೆಗಣ್ಣಿನ ಸೊಸೆ

೨೦೦೭ರಲ್ಲಿ ಒಂದು ಬೆಳಿಗ್ಗೆ, ಶಿಡ್ಲಘಟ್ಟದಿಂದ ಸಾದಲಿಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಇಬ್ಬರು ಹೆಂಗಸರು ಬಂದು ಕೂತರು. ಚಿಕ್ಕವಳು ಕಪ್ಪು ಕನ್ನಡಕ ಹಾಕಿದ್ದಳು. ದೊಡ್ಡಾಕೆ ಅದನ್ನೇ ನೋಡುತ್ತಿದ್ದರು.

“ತವರಿಗೆ ಹೋಗಿ ಹತ್ತು ದಿನ ಆಯ್ತು. ಇದೇನೇ ತನುಜಾ ಸ್ಟೈಲು?”

“ಅಕ್ಕಾ, ಕಣ್ರೆಪ್ಪೆ ಆಪರೇಷನ್ ಮಾಡಿಸ್ಕೊಂಡೆ! ಹೊಲಿಗೇನೂ ಬಿಚ್ಚಿದ್ರು.”

“ಕಣ್ಣಾಸ್ಪತ್ರೇಲಾ?”

“ಇಲ್ಲ, ಹಲ್ಲಾಸ್ಪತ್ರೇಲಿ. ಅಲ್ಲಿ ದವಡೆ, ಮುಖ ಎಲ್ಲಾ ನೋಡೋ ಸರ್ಜನ್ ಇದಾರೆ. ಹಲ್ಲು ಕೀಳಿಸೋಕೆ ಹೋದಾಗ ನಾನೇ ಕೇಳ್ದೆ, ಈ ಜೋತುಬಿದ್ದಿರೋ ರೆಪ್ಪೆ ಸರಿಯಾಗುತ್ತಾ ಅಂತ.”

“ಎಲ್ಲಿ, ತೆಗಿ ಕನ್ನಡಕ!”

ತೆಗೆದಳು.

“ಅಮ್ಮಮ್ಮಾ! ಕಣ್ಣು ಇಷ್ಟು ದೊಡ್ಡದಿತ್ತೇನೇ ನಿಂಗೆ?”

“ಕನ್ನಡಿ ಮುಂದೆ ಕುಣಿದ್ಬಿಟ್ಟೆ ಅಕ್ಕಾ!”

“ಇನ್ನು ನಿಮ್ಮತ್ತೆ ರೇಷ್ಮೆ ಹುಳದ ಮನೆ ಒಳಕ್ಕೆ ಬಿಡಲ್ಲ ನೋಡು. ಹುಳಕ್ಕೆ ದೃಷ್ಟಿ ಆಗುತ್ತೆ ಅಂತ, ಪಕ್ಕದ್ಮನೆಯವಳು ಅಂತಾನೂ ನೋಡ್ದೆ ನನ್ನನ್ನ ಬಾಗಿಲಲ್ಲೇ ನಿಲ್ಲಿಸ್ತಾರೆ.”

“ನನ್ನ ಮಾತ್ರ ಬಿಡ್ತಿದ್ರು. ‘ಇವಳದು ನಿದ್ದೆಗಣ್ಣು, ತಾಗಲ್ಲ’ ಅಂತ ನೆಂಟರ ಮುಂದೆ ನಗ್ತಿದ್ರು. ಆರು ವರ್ಷ ತಲೆ ತಗ್ಗಿಸ್ಕೊಂಡು ಹುಳಕ್ಕೆ ಸೊಪ್ಪು ಹಾಕಿದೀನಿ.”

“ಈಗೇನ್ ಮಾಡ್ತೀಯೇ?”

“ಹುಳ ಆಮೇಲೆ. ಮೊದ್ಲು ಅತ್ತೇನ ನೋಡ್ತೀನಿ.”

ಸಾದಲಿ ಬಂತು. ತನುಜ ಕನ್ನಡಕವನ್ನು ಬ್ಯಾಗಿಗೆ ತುರುಕಿ, ಎಲ್ಲರಿಗಿಂತ ಮೊದಲು ಇಳಿದಳು.