ಹಸುವಿಗೆ ಹೇಳಿದ ಮಾತು

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮೂರ ಹಾಲಿನ ಡೇರಿಯ ಅಧ್ಯಕ್ಷರೂ ಆದ ಶ್ರೀ ಕರಿಯಪ್ಪನವರೇ, ನಾಳೆ ಬೆಳಗ್ಗೆ ನಮ್ಮನ್ನು ಬಿಟ್ಟು ಹೊರಡಲಿರುವ, ಈ ದಿನದ ಸನ್ಮಾನಿತರಾದ ಫಾದರ್ ಅರುಳಪ್ಪನವರೇ, ನಾಗಮಂಗಲದಿಂದ, ಪಾಂಡವಪುರದಿಂದ ಬಸ್ಸು ಹಿಡಿದು ಬಂದಿರುವ ಅತಿಥಿಗಳೇ, ಸಿಂಧಘಟ್ಟದ ನನ್ನ ಬಂಧುಗಳೇ, ನನ್ನ ಕೈಯಲ್ಲಿ ಬೆತ್ತದ ರುಚಿ ನೋಡಿಯೂ ಇವತ್ತು ಧೈರ್ಯವಾಗಿ ಮುಂದಿನ ಸಾಲಿನಲ್ಲೇ ಕುಳಿತಿರುವ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ನಿರೂಪಣೆ ಮಾಡುತ್ತಿರುವ ಶ್ವೇತ ನನ್ನ ಶಿಷ್ಯೆ. ನನಗೆ ಹತ್ತು ನಿಮಿಷ ಕೊಟ್ಟಿದ್ದಾಳೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ಈ ರಂಗಸ್ವಾಮಿ ಮೇಷ್ಟರಿಗೆ ಹತ್ತು ನಿಮಿಷ ಹಾಜರಿ ಕೂಗುವುದಕ್ಕೇ ಸಾಲುತ್ತಿರಲಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಕೊಟ್ಟಿದ್ದಾಳೆ. ಇದನ್ನೇ ಗುರುಭಕ್ತಿ ಎನ್ನುವುದು.

ಸಭಿಕರೇ, ಫಾದರ್ ಅರುಳಪ್ಪನವರು ಕೆ.ಆರ್. ಪೇಟೆಯ ಚರ್ಚಿಗೆ ಬಂದು ಆರು ವರ್ಷವಾಯಿತು. ನಮ್ಮೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ತರಬೇತಿ ಶುರುಮಾಡಿದ್ದು, ಅದರಿಂದ ಎಷ್ಟು ಜನರಿಗೆ ಅನುಕೂಲವಾಯಿತು ಎಂಬುದೆಲ್ಲ ನನಗಿಂತ ಮೊದಲು ಮಾತನಾಡಿದವರು ಹೇಳಿದ್ದಾರೆ. ನಾನು ಹೇಳಬೇಕಾದದ್ದು ಭಾಷೆಯ ವಿಷಯ. ಬಂದ ಮೊದಲ ತಿಂಗಳೇ ಅವರು ಒಂದು ನೋಟ್‌ಬುಕ್ಕು ಹಿಡಿದು ನಮ್ಮ ಜಗಲಿಗೆ ಬಂದರು. ತಮ್ಮ ಧರ್ಮದ ಬಗ್ಗೆ ಐದೈದು ನಿಮಿಷ ಮಾತನಾಡಿ ಮೊಬೈಲಿನಲ್ಲಿ ಹಾಕುತ್ತಾರಂತೆ, ಅದರ ಕನ್ನಡವನ್ನು ನಾನು ತಿದ್ದಿಕೊಡಬೇಕಂತೆ. ನಾನು ಸುಮ್ಮನಿರುವ ಪೈಕಿಯೇ? ನಮ್ಮ ಜನರನ್ನು ನಿಮ್ಮ ಕಡೆಗೆ ಎಳೆದುಕೊಳ್ಳುವುದಕ್ಕೆ ನನ್ನ ಕೆಂಪು ಪೆನ್ನೇ ಬೇಕಾಯಿತೇ ಎಂದು ಮುಖಕ್ಕೆ ಹೊಡೆದಂತೆ ಕೇಳಿಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. ನಂಬಿರುವುದನ್ನು ಹೇಳುವುದಷ್ಟೇ ನನ್ನ ಕೆಲಸ, ಒಪ್ಪುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು, ಆದರೆ ಅರ್ಥವೇ ಆಗದೆ ಎದ್ದುಹೋದರೆ ಆ ತಪ್ಪು ನನ್ನದಲ್ಲವೇ ಮೇಷ್ಟ್ರೇ, ಎಂದರು. ಮಾತು ಹಿಡಿಸಿತು. ಒಳಕ್ಕೆ ಕೂಗಿ ಕಾಫಿ ತರಿಸಿದೆ.

ಆವತ್ತಿನಿಂದ ಪ್ರತಿ ಶನಿವಾರ ತಿದ್ದಿದೆ. ಹೇಗೆ ತಿದ್ದಿದೆ ಎನ್ನುತ್ತೀರಿ! ಅವರು ಶ್ರೀರಂಗಪಟ್ಟಣದ ಕಡೆಯ ರೈತರ ಮಗ. ಬರವಣಿಗೆಯಲ್ಲಿ ಎಲ್ಲೋ ಒಂದೊಂದು ಕಡೆ ಅವರ ತಾಯಿಯ ಮಾತು ಇಣುಕುತ್ತಿತ್ತು. ನಾನು ಅದನ್ನು ಕಳೆ ಕಿತ್ತ ಹಾಗೆ ಕಿತ್ತೆ. ಅವರು 'ದೇವರು ಕೊಡುತ್ತಾನೆ' ಎಂದು ಬರೆದರೆ ನಾನು 'ಭಗವದನುಗ್ರಹ ಪ್ರಾಪ್ತವಾಗುತ್ತದೆ' ಎಂದು ಮಾಡಿದೆ. ಫಲವೇನು? ಒಂದು ಭಾಷಣವನ್ನು ಹನ್ನೊಂದು ಸಲ ನೋಡಿದ್ದಾರೆ ಎಂದು ಮೊಬೈಲು ತೋರಿಸಿತು. ಅದರಲ್ಲಿ ನಾಲ್ಕು ಸಲ ನೋಡಿದವನು ನಾನೇ.

ಈಗ ಹೊರಗಿನಿಂದ ಬಂದ ಅತಿಥಿಗಳಿಗಾಗಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಅಣ್ಣತಮ್ಮಂದಿರು ಜಗಳವಾಡಿದರೆ ಮಾತು ಬಿಡುತ್ತಾರೆ. ಬಿಟ್ಟರೆ ಬಿಟ್ಟಹಾಗೆಯೇ. ಆದರೆ ಒಂದೇ ಅಂಗಳ, ಒಂದೇ ಕೊಟ್ಟಿಗೆ, ಒಂದೇ ಬಾವಿ ಇರುವಾಗ ಹೇಳಬೇಕಾದದ್ದು ಏನಾದರೂ ಇದ್ದೇ ಇರುತ್ತದೆಯಲ್ಲ, ಅದನ್ನು ಹಸುವಿಗೆ ಹೇಳುತ್ತಾರೆ. ಆಚೆಯವನು ಕೇಳಿಸಿಕೊಂಡು ತನ್ನ ಉತ್ತರವನ್ನೂ ಹಸುವಿಗೇ ಹೇಳುತ್ತಾನೆ. ಹಸು ಪಾಪ, ಇಬ್ಬರ ಮುಖವನ್ನೂ ನೋಡುತ್ತದೆ. ಇದಕ್ಕೆ ಒಂದು ಕಟ್ಟಳೆಯೂ ಉಂಟು. ತಪ್ಪು ಯಾರದೇ ಇರಲಿ, ನೇರವಾಗಿ ಮೊದಲು ಮಾತನಾಡಿಸಬೇಕಾದವನು ಚಿಕ್ಕವನು. ದೊಡ್ಡವನು ಮೊದಲು ಬಾಯಿಬಿಟ್ಟರೆ ಸೋತ ಎಂದು ಊರು ನಗುತ್ತದೆ.

ನನಗೂ ನನ್ನ ತಮ್ಮ ತಮ್ಮಯ್ಯನಿಗೂ ಮಾತು ನಿಂತು ಹದಿನೇಳು ವರ್ಷ. ಇದು ಗುಟ್ಟೇನಲ್ಲ, ಊರಿಗೆಲ್ಲ ಗೊತ್ತಿರುವುದೇ. ನಮ್ಮವ್ವ ಜಯಲಕ್ಷ್ಮಮ್ಮ ತೀರಿಕೊಂಡಾಗ ತಮ್ಮಯ್ಯ ಮಣ್ಣಿಗೆ ಬರಲಿಲ್ಲ. ಹೆತ್ತವ್ವನ ಮಣ್ಣಿಗೂ ಬರಲಿಲ್ಲವಲ್ಲ ಎಂದು ಊರು ಅವನಿಗೆ ಉಗಿಯಿತು. ನನ್ನ ಬಗ್ಗೆ, ಮೇಷ್ಟ್ರು ಒಬ್ಬರೇ ನಿಂತು ಎಲ್ಲ ಮಾಡಿದರು ಎಂದು ಹೇಳಿತು.

ಹೀಗೆ ನಮ್ಮ ಅಂಗಳದಲ್ಲಿ ಹಸುವಿನ ಮೂಲಕ ಸಂಸಾರ ನಡೆಯಿತು. "ಕೆಂಪಿ, ನಾಳೆ ಕರೆಂಟು ಬೆಳಗಿನ ಜಾವ ಕೊಡ್ತಾರಂತೆ ಕಣವ್ವ, ಮೋಟ್ರು ಆನ್ ಮಾಡ್ಕಳೋರು ಮಾಡ್ಕಬೋದು" ಎಂದು ಅವನು ಅನ್ನುವುದು. ನಾನು ಕೆಂಪಿಯ ಬೆನ್ನು ಸವರುತ್ತಾ, ಹುಲ್ಲಿನ ಮೆದೆಗೆ ಟಾರ್ಪಾಲು ಹೊದಿಸದೆ ಹೋದರೆ ನೆನೆಯುತ್ತದೆ ಎಂದು ಅದಕ್ಕೆ ಬುದ್ಧಿ ಹೇಳುವುದು. ಅವನ ಹಿರಿಯ ಮಗಳ ಮದುವೆಗೆ ನನ್ನನ್ನು ಕರೆದದ್ದೂ ಹಾಗೆಯೇ. ಒಂದು ಸಲ ಕೆಂಪಿಯನ್ನು ಮಾರಿದೆವು. ಇನ್ನೊಂದು ಹಸು ಬರುವವರೆಗೆ ಮೂರು ವಾರ ಮನೆಯಲ್ಲಿ ಮಾತೇ ಇಲ್ಲ! ನಗಿ, ನಗಿ. ನಾವೂ ಒಳಗೊಳಗೇ ನಕ್ಕಿದ್ದೇವೆ. ಇಬ್ಬರೂ ಒಟ್ಟಿಗೆ ನಗುವುದಕ್ಕೆ ಮಾತ್ರ ಆಗಲಿಲ್ಲ.

ಫಾದರ್ ಇದನ್ನು ಜಗಲಿಯ ಮೇಲೆ ಕುಳಿತು ವರ್ಷಗಟ್ಟಲೆ ನೋಡಿದ್ದಾರೆ. ಒಂದು ದಿನವೂ ರಾಜಿ ಮಾಡಿಸಲು ಬರಲಿಲ್ಲ, ಉಪದೇಶ ಹೇಳಲಿಲ್ಲ. ಹೋದ ವರ್ಷ ಒಂದು ಶನಿವಾರ ನೋಟ್‌ಬುಕ್ಕು ಕೊಟ್ಟು, ಇದನ್ನು ಓದಿ ಮೇಷ್ಟ್ರೇ, ನಿಮಗೆ ಬೇಡ ಅನ್ನಿಸಿದರೆ ಹಾಕುವುದಿಲ್ಲ, ಎಂದರು. ಓದಿದೆ. ಅವರು ನಂಬಿರುವ ದೇವರ ವಿಷಯವೇ. ಆದರೆ ಅದರಲ್ಲಿ ಒಂದು ಅಂಗಳವಿತ್ತು, ಒಂದು ಹಸುವಿತ್ತು. ನಮ್ಮ ಹೆಸರು ಇರಲಿಲ್ಲ. ಇದ್ದರೇನು, ಇಲ್ಲದಿದ್ದರೇನು? ಕೆಂಪು ಪೆನ್ನು ತೆಗೆದುಕೊಂಡು ಹಸುವನ್ನು ಹೊಡೆದುಹಾಕಿದೆ, ಅಂಗಳವನ್ನು ಹೊಡೆದುಹಾಕಿದೆ, 'ಪರೋಕ್ಷ ಮಾಧ್ಯಮಗಳ ಮೂಲಕ ದೈವಸಂದೇಶ' ಎಂದು ಬರೆದುಕೊಟ್ಟೆ. ನೋಡಿ ಈ ಮನುಷ್ಯನ ಸೌಜನ್ಯವನ್ನು, ಒಂದು ಮಾತು ಎದುರಾಡದೆ ಅದನ್ನೇ ಓದಿ ಮೊಬೈಲಿನಲ್ಲಿ ಹಾಕಿದರು. ಯಾರು ಕೇಳುತ್ತಾರೆ?

ಆದರೆ ಒಬ್ಬರು ಕೇಳಿದರು. ಇಲ್ಲೇ ಮೂರನೇ ಸಾಲಿನಲ್ಲಿದ್ದಾರೆ, ಸಿದ್ದಲಿಂಗಮ್ಮ. ಅವರ ಮೊಮ್ಮಗಳು ಪ್ರಿಯಾಂಕ ಹೊಲಿಗೆ ಕಲಿಯುತ್ತಿದ್ದಳು, ಮೊಬೈಲಿನಲ್ಲಿ ಅಜ್ಜಿಗೆ ಕೇಳಿಸಿದ್ದಾಳೆ. ಮಾರನೆಯ ಸಂಜೆ ಡೇರಿಯ ಮುಂದೆ ಹಾಲು ಹಾಕುವವರ ಸಾಲಿನಲ್ಲಿ ನಿಂತಿದ್ದ ಸಿದ್ದಲಿಂಗಮ್ಮ, ದಾರಿಯಲ್ಲಿ ಹೋಗುತ್ತಿದ್ದ ಫಾದರ್ ಅವರನ್ನು ತಡೆದು, ನೀನು ಹೇಳಿದ್ದು ಒಂದಕ್ಷರವೂ ತಲೆಗೆ ಹೋಗಲಿಲ್ಲ, ಸರಿಯಾಗಿ ಹೇಳು ಎಂದು ಪಟ್ಟು ಹಿಡಿದರು. ನಾನೂ ಕ್ಯಾನು ಹಿಡಿದು ಅದೇ ಸಾಲಿನಲ್ಲಿದ್ದೆ. ಫಾದರ್ ಒಮ್ಮೆ ನನ್ನ ಕಡೆ ನೋಡಿದರು. ನಾನು ಮುಖ ತಿರುಗಿಸಿದೆ. ಆಮೇಲೆ ಅವರು, ನಾನು ಐದು ವರ್ಷ ಕಿತ್ತುಹಾಕಿದ್ದ ಆ ತಾಯಿಯ ಮಾತಿನಲ್ಲಿ ಹೇಳತೊಡಗಿದರು.

"ದೇವ್ರಿಗೂ ನಮ್ಗೂ ಮಾತು ಬುಟ್ಟೋಗಿತ್ತು ಕಣವ್ವ. ತಪ್ಪು ನಮ್ದೇಯ. ಅವ್ರ ಕೈಲಿ ಯೋಳ್ಸುದ, ಇವ್ರ ಕೈಲಿ ಯೋಳ್ಸುದ, ಅಸೂಗೆ ಯೋಳ್ದಂಗೆ ಯೋಳ್ದ. ನಾವು ಕೇಳುಸ್ಕಂಡೂ ಕೇಳುಸ್ಕಳದಂಗೆ ಇದ್ದೋ. ಕೊನ್ಗೆ ತಾನೇ ಎದ್ದು ಅಂಗ್ಳ ದಾಟ್ಕಂಡು ಬಂದು, ನಮ್ಮನೆ ಒಳ್ಗೇ ಕೂತ್ಕಂಡು ಮಾತಾಡ್ಸ್‌ಬುಟ್ಟ. ಅಂಗೆ ಬಂದೋನ್ನೇ ನಾವು ಏಸು ಅನ್ನೋದು."

ಸಿದ್ದಲಿಂಗಮ್ಮ ಹಾಲಿನ ಕ್ಯಾನು ಕೆಳಗಿಟ್ಟರು. "ಅಲ್ಲ ಕಣ್ ಸಾಮಿ, ಚಿಕ್ಕೋರಲ್ವಾ ಮೊದ್ಲು ಮಾತಾಡ್ಸ್‌ಬೇಕಾದ್ದು? ದೊಡ್ಡೋನೇ ಸೋತ್‌ಬುಟ್ನಾ?"

"ಊಂ ಕಣವ್ವ. ದೊಡ್ಡೋನೇ ಸೋತ."

ಸಭಿಕರೇ, ಆ ಸಾಲಿನಲ್ಲಿ ಮೂವತ್ತು ಜನ ಇದ್ದರು. ಹಾಲು ಅಳೆಯುತ್ತಿದ್ದವನೂ ಅಳೆಯುವುದನ್ನು ನಿಲ್ಲಿಸಿದ್ದ. ಸಿದ್ದಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಹಣೆಯ ವಿಭೂತಿಯನ್ನು ಅಳಿಸಲಿಲ್ಲ, ಇವತ್ತೂ ಇಟ್ಟುಕೊಂಡೇ ಬಂದಿದ್ದಾರೆ. ಅಳಿಸು ಎಂದು ಫಾದರ್ ಹೇಳಲೂ ಇಲ್ಲ. ನಾನೂ ನಮ್ಮ ಮನೆದೇವರಿಗೆ ಹಣ್ಣುಕಾಯಿ ಮಾಡಿಸುವುದನ್ನು ಬಿಟ್ಟವನಲ್ಲ. ಆದರೆ ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ, ಆವತ್ತು ನನಗೆ ಮೈ ಜುಮ್ಮೆಂದಿತು. ಮೂವತ್ತನಾಲ್ಕು ವರ್ಷ ಭಾಷೆ ಕಲಿಸಿದವನು ನಾನು, ಭಾಷೆ ಏನು ಮಾಡಬಲ್ಲದು ಎಂಬುದನ್ನು ಹಾಲಿನ ಸಾಲಿನಲ್ಲಿ ನಿಂತು ನೋಡಿದೆ. ಎಲ್ಲೋ ದೂರದೇಶದಲ್ಲಿ ಎರಡು ಸಾವಿರ ವರ್ಷದ ಹಿಂದೆ ನಡೆಯಿತು ಎನ್ನುವ ಸಂಗತಿ ಸಿಂಧಘಟ್ಟದ ಡೇರಿಯ ಮುಂದೆ ಬಂದು ನಿಂತಿತಲ್ಲ, ಅದು ಹೇಗೆ ಬಂತು? ಯಾವ ದಾರಿಯಲ್ಲಿ ಬಂತು? ಇವತ್ತಿಗೂ ನನಗೆ ಬೆರಗು ಹೋಗಿಲ್ಲ.

ಅಜ್ಜಿಯ ಪಕ್ಕದಲ್ಲೇ ನಿಂತಿದ್ದ ಪ್ರಿಯಾಂಕ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ಎರಡೇ ದಿನಕ್ಕೆ ಅದು ವಾಟ್ಸಾಪಿನಲ್ಲಿ ನಾಗಮಂಗಲ ಮುಟ್ಟಿತು, ಪಾಂಡವಪುರ ಮುಟ್ಟಿತು. ಈ ಅತಿಥಿಗಳು ಇವತ್ತು ಬಂದಿರುವುದು ಅದನ್ನು ಕೇಳಿಯೇ. ನನಗೆ ಬೆರಗಾದದ್ದು ಹೌದು, ಅದರ ಹಿಂದೆಯೇ ಕೋಪವೂ ಬಂತು. ನಮ್ಮ ಮನೆಯ ಮಾತನ್ನು ಬೀದಿಗೆ ತಂದಿರಿ ಎಂದು ಫಾದರ್ ಮೇಲೆ ರೇಗಾಡಿದೆ. ಅವರು, ತಪ್ಪಾಯಿತು ಮೇಷ್ಟ್ರೇ, ಆ ಅಜ್ಜಿ ಕೇಳಿದಾಗ ನನ್ನ ಹತ್ತಿರ ಬೇರೆ ಮಾತಿರಲಿಲ್ಲ, ಎಂದರು. ನಾನು ಎರಡು ತಿಂಗಳು ನೋಟ್‌ಬುಕ್ಕು ಮುಟ್ಟಲಿಲ್ಲ.

ಆ ದಿನಗಳಲ್ಲೇ ಒಂದು ಬೆಳಗ್ಗೆ ತಮ್ಮಯ್ಯ ಹಾಲು ಕರೆಯುತ್ತಾ ಹಸುವಿಗೆ ಹೇಳಿದ. "ಫಾದ್ರು ಮ್ಯಾಲೆ ಯಾರೋ ಕ್ವಾಪ ಮಾಡ್ಕಂಡವ್ರಂತೆ ಕಣವ್ವ. ಅವ್ರು ಅಂದಿದ್ದು ನಂಗೇನೂ ಬ್ಯಾಸ್ರ ಇಲ್ಲ. ಚೆಂದಾಗೇ ಯೋಳವ್ರೆ."

ಚಿಕ್ಕವನು ಅಷ್ಟು ದೂರ ಬಂದಿದ್ದ. ನಾನು ಕೆಮ್ಮಿದೆ, ಪೇಪರು ತಿರುವಿಹಾಕಿದೆ, ಒಳಕ್ಕೆ ಎದ್ದುಹೋದೆ.

ಯಾಕೆ ಹೋದೆ? ಸಭಿಕರೇ, ಶ್ವೇತ ಚೀಟಿ ಕಳಿಸಿದ್ದಾಳೆ, ಸಮಯ ಮುಗಿಯಿತಂತೆ. ಇರು ತಾಯಿ. ಇದನ್ನು ಹೇಳಬೇಕೆಂದು ನಾನು ಮನೆಯಿಂದ ಹೊರಟಿರಲಿಲ್ಲ. ಬಾಯಿಗೆ ಬಂದಿದೆ, ಇನ್ನು ನುಂಗುವುದಕ್ಕೆ ಆಗುವುದಿಲ್ಲ.

ಅವ್ವ ತೀರಿಕೊಂಡ ದಿನ ತಮ್ಮಯ್ಯನ ಹೆಂಡತಿ ಮೈಸೂರಿನಲ್ಲಿ ಹೆರಿಗೆಗೆ ಸೇರಿದ್ದಳು. ಅವನು ಅಲ್ಲಿದ್ದ. ಸಂಜೆಯಾಗುತ್ತಿತ್ತು, ಹೊತ್ತು ಮುಳುಗುವುದರೊಳಗೆ ಅವ್ವನನ್ನು ಎತ್ತಬೇಕೆಂದು ಹಿರಿಯರು ಅವಸರ ಮಾಡುತ್ತಿದ್ದರು, ತಮ್ಮನ ಸುದ್ದಿ ಏನು ಎಂದು ನನ್ನನ್ನು ಕೇಳಿದರು. ಫೋನು ಸಿಗುತ್ತಿಲ್ಲ ಎಂದೆ. ಸುಳ್ಳು. ಫೋನು ಬಂದಿತ್ತು. ಹಿತ್ತಲಿಗೆ ಹೋಗಿ ನಾನೇ ಎತ್ತಿದ್ದೆ. "ಅಣ್ಣಯ್ಯ, ಬಸ್ಸು ಕೆಟ್ಟು ಪಾಂಡವಪುರದಲ್ಲಿ ನಿಂತೋಗದೆ. ಆಟೋ ಮಾಡ್ಕಂಡು ಬರ್ತಾವ್ನಿ. ಒಂದ್ ಗಂಟೆ ತಡ್ಕಳ್ಳಿ, ಅವ್ವನ ಮೊಕ ನೋಡ್ಬೇಕು" ಎಂದ. ಆಗಲಿ ಎಂದೆ. ಹೊರಗೆ ಬಂದು, ಎತ್ತಿ ಎಂದೆ.

ಯಾಕೆ ಹಾಗೆ ಮಾಡಿದೆ ಎಂದರೆ ಏನು ಹೇಳಲಿ? ಅವ್ವ ಕೊನೆಯ ಮೂರು ದಿನ ನನ್ನ ಕೈಯಲ್ಲಿ ನೀರು ಕುಡಿಯುತ್ತಾ ತಮ್ಮಯ್ಯ ಬಂದನಾ, ತಮ್ಮಯ್ಯ ಬಂದನಾ ಎಂದೇ ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ. ನನಗೆ ಹೊಟ್ಟೆಕಿಚ್ಚಾಯಿತು ಸ್ವಾಮಿ. ಬರೀ ಹೊಟ್ಟೆಕಿಚ್ಚು.

ಅವನು ಬಂದಾಗ ಮಣ್ಣಾಗಿತ್ತು. ಹೊಸ ಮಣ್ಣಿನ ಮೇಲೆ ಬಿದ್ದುಕೊಂಡು ಅತ್ತ. ಊರು ಅವನಿಗೆ ಉಗಿಯಿತು. ಅವನು ಒಮ್ಮೆ ನನ್ನ ಮುಖ ನೋಡಿದ, ಅಷ್ಟೇ. ಅಣ್ಣನಿಗೆ ಫೋನು ಮಾಡಿದ್ದೆ ಎಂದು ಒಂದು ಮಾತು ಅಂದಿದ್ದರೆ ನಾನು ಈ ಊರಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಹದಿನೇಳು ವರ್ಷ ಅವನು ಯಾರಿಗೂ ಹೇಳಲಿಲ್ಲ. ಹಸುವಿಗೂ ಹೇಳಲಿಲ್ಲ. ಮೇಷ್ಟರ ಮರ್ಯಾದೆ ಎಂದು ನೀವು ಇಷ್ಟು ವರ್ಷ ಕೈ ಮುಗಿದಿರಲ್ಲ, ಅದು ನನ್ನ ತಮ್ಮ ಹಾಕಿದ ಭಿಕ್ಷೆ.

ಫಾದರ್, ನಿಮಗೆ ನಾನು ಕನ್ನಡ ಕಲಿಸಿದೆ ಎಂದು ಈ ಸನ್ಮಾನಪತ್ರದಲ್ಲಿ ಬರೆದಿದ್ದಾರೆ. ದಯವಿಟ್ಟು ಆ ಸಾಲನ್ನು ಹೊಡೆದುಹಾಕಿಸಿ. ನಿಮ್ಮ ದೇವರ ವಿಷಯ ನನಗೆ ಪೂರ್ತಿ ತಿಳಿದಿಲ್ಲ, ತಿಳಿಯುವ ವಯಸ್ಸೂ ದಾಟಿತು. ಆದರೆ ದೊಡ್ಡವನೇ ಮೊದಲು ಮಾತನಾಡಿಸಬಹುದು ಎಂದು ನನಗೆ ಹೇಳಿದವರು ಎಪ್ಪತ್ತು ವರ್ಷದಲ್ಲಿ ನೀವೊಬ್ಬರೇ. ಹೋದ ಕಡೆ ಚೆನ್ನಾಗಿರಿ. ಯಾರಿಂದಲೂ ನಿಮ್ಮ ಮಾತನ್ನು ತಿದ್ದಿಸಿಕೊಳ್ಳಬೇಡಿ.

ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಅತಿಥಿಗಳಿಗೆ, ಚೀಟಿ ಕಳಿಸಿ ಸುಮ್ಮನಾದ ಶ್ವೇತಳಿಗೆ, ನಿಮಗೆಲ್ಲರಿಗೂ ವಂದನೆಗಳು. ಅಡುಗೆಯವರ ಪಕ್ಕ, ಹಿಂದಿನ ಬಾಗಿಲ ಹತ್ತಿರ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಒಬ್ಬ ನಿಂತಿದ್ದಾನೆ, ಅವನೇ ನನ್ನ ತಮ್ಮ. ತಮ್ಮಯ್ಯ, ಹೋಗ್ಬ್ಯಾಡ ಕಣ್ಲಾ, ಅಲ್ಲೇ ಇರು. ನಾನೇ ಬತ್ತೀನಿ.

ಕುರ್ಚಿಗಳ ನಡುವೆ ಸ್ವಲ್ಪ ದಾರಿ ಬಿಡಿ ಸಭಿಕರೇ. ನಮಸ್ಕಾರ.