ತವರಿನ ಹುತ್ತದ ಮಣ್ಣು

ಗುಂಡ್ಲುಪೇಟೆ ಕಡೆಯಿಂದ ಗುರುಬಸಮ್ಮ ವಯನಾಡಿನ ಕಾಡಿಗೆ ಬೇಸಾಯಕ್ಕೆ ಹೊರಟ ದಿನ ಅವಳಣ್ಣ ನಿಂಗಯ್ಯ ಊರವರೆದುರು ನಗುತ್ತ ಮಾತು ಕೊಟ್ಟಿದ್ದನಂತೆ: ಆ ನೆಲ ಎಂದಾದರೂ ಅವಳದಾದರೆ, ಒಲೆ ಹಾಕಲು ತವರಿನ ಹುತ್ತದ ಮಣ್ಣನ್ನು ತಾನೇ ತಲೆಯ ಮೇಲೆ ಹೊತ್ತು ತರುತ್ತೇನೆ ಎಂದು. ವರ್ಷಗಳ ಮೇಲೆ ವಯನಾಡಿನ ಕಾಟ್ಟಿಕುಳಂನಲ್ಲಿ ಅವನು ಬಸ್ಸಿಳಿದಾಗ ಕೈಯಲ್ಲೊಂದು ಮಣ್ಣಿನ ಮೂಟೆಯಿತ್ತು; ಕರೆದೊಯ್ಯಲು ಬಂದಿದ್ದ ಗುರುಬಸಮ್ಮ ಅದನ್ನು ನೋಡಿ ನಕ್ಕಳು. ನಾನು ನನ್ನ ಬಸ್ಸಿಗೆ ಕಾಯುತ್ತ, ನನ್ನ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪಕ್ಕದ ಕಟ್ಟೆಯಲ್ಲಿ ಕೂತಿದ್ದೆ.

“ಆನೆ ಮೇಯೋ ಜಾಗ ಅಂದಿದ್ಯಲ್ಲಣ್ಣ?”

“ಅಂದಿದ್ದೆ ಕಣವ್ವ. ನೆಲ ನಿಂದೇ ಅನ್ನೋ ಪಟ್ಟಯ ನಿಜ್ವಾಗ್ಲೂ ಕೈಗೆ ಬಂತಾ?”

“ಬಂತು. ಅಲ್ಲೀಗಂಟ ಮೂರು ಕಲ್ಲಿಟ್ಕಂಡೇ ಬೇಯಿಸ್ದೆ. ಇನ್ನೊಬ್ರ ನೆಲದಲ್ಲಿ ಮಣ್ಣೊಲೆ ಹಾಕ್ಬಾರ್ದು ಅಂತ ಅವ್ವ ಹೇಳಿರ್ಲಿಲ್ವಾ?”

“ಆನೆ ಬರಾಕಿಲ್ವಾ ಈಗ?”

“ಬತ್ತವೆ. ಬಾಳೆ ಎಲ್ಲಾ ತಿಂದ್ವು. ಮೆಣಸು ಮುಟ್ಟಾಕಿಲ್ಲ, ಅದ್ಕೇ ಮರಮರಕ್ಕೂ ಮೆಣಸಿನ ಬಳ್ಳಿನೇ ಹಬ್ಬಿಸಿವ್ನಿ.”

ನಿಂಗಯ್ಯ ಮೂಟೆಯನ್ನು ನೆಲಕ್ಕಿಳಿಸಿದ.

“ನಿನ್ ಮಗ್ಗುಲಲ್ಲಿ ನಂಗೂ ಒಂದು ತುಂಡು ನೆಲ ಸಿಕ್ಕಾದಾ?”

“ಆವಾಗ ಕರೆದ್ರೆ ಬಂದ್ಯಾ? ಈಗ ಮೆಣಸು ಕುಯ್ಯಾಕೆ ಬಾ, ಕೂಲಿ ಕೊಡ್ತೀನಿ.”

“ಕೊಬ್ಬು ನೋಡು ಇವಳ್ದು. ಊಟನಾದ್ರೂ ಹಾಕ್ತೀಯಾ?”

“ಒಲೆ ಒಣಗೋಗಂಟ ಮೂರು ಕಲ್ಲಿನ ಊಟನೇ. ಮೂಟೆಯ ಆ ಗಾಡಿಗೆ ಹಾಕಣ, ನಮ್ ಕಡೆಗೇ ಹೋಗ್ತದೆ.”

“ಬ್ಯಾಡ. ತಲೆ ಮ್ಯಾಲೆ ಅಂದಿವ್ನಿ. ಊರೋರೆಲ್ಲ ಕೇಳವ್ರೆ.”

ಅವನು ಟವಲನ್ನು ಸಿಂಬೆ ಸುತ್ತಿ ತಲೆಗಿಟ್ಟುಕೊಂಡು ಬಗ್ಗಿದ. ತಂಗಿಯೇ ಮೂಟೆ ಎತ್ತಿ ಹೊರಿಸಿ, ಸೆರಗು ಬಿಗಿದುಕೊಂಡು ಮುಂದೆ ನಡೆದಳು. ಅಣ್ಣ ಹಿಂದೆ ನಡೆದ. ಕೊಟ್ಟ ಮಾತು ನಡೆಯಿತು.