ನನ್ನ ಗೆಳತಿ ತೆಗೆದ ಫೋಟೋ

ಅಲ್ಲ ಕಣೇ, ನಾನೇನೂ ಮಾಡಿಲ್ಲ! ಬರೀ ಮುಟ್ಟಿದೆ ಅಷ್ಟೇ. ಮುಟ್ಟಿದ್ದೇ ತಡ, ಪರದೆ ತುಂಬಾ ಇರುವೆ ಸಾಲು ಬಿಟ್ಟ ಹಾಗೆ ಅಕ್ಷರ... ನೋಡು, ನೋಡು, ಇದು ಯಾವ ಭಾಷೆ ಹೇಳು! ಚೌಕ, ಕೊಕ್ಕೆ, ಪ್ರಶ್ನೆ ಗುರುತು... ಫೋಟೋ ತೋರಿಸು ಅಂದ್ರೆ ಶಾಪ ಹಾಕ್ತಿದೆ ಈ ಕಂಪ್ಯೂಟರು! ಬಾ, ಕೂತ್ಕೋ. ದಿನಾ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯೋಳು ನೀನು, ಜನರ ಮೂಳೆ ಫೋಟೋನೇ ತೆರೆದು ತೋರಿಸ್ತೀಯ, ಇದೊಂದು ತೆರೆಯಕ್ಕಾಗಲ್ವಾ? ಭಾನುವಾರ ಬೆಳಿಗ್ಗೇನೇ ಅತ್ತೆ ಕಾಟ ಶುರುವಾಯ್ತು ಅಂದ್ಕೋಬೇಡ... ಅಂದ್ಕೊಂಡ್ರೂ ಪರವಾಗಿಲ್ಲ, ಕಾಫಿ ಇಲ್ಲೇ ತಂದಿಟ್ಟಿದೀನಿ. ನಿನ್ನ ಗಂಡನ್ನ ಎಬ್ಬಿಸೋದಾ? ಬಿಡು! ಅವನು ಒಂದು ಕಣ್ಣು ತೆಗೆದು "ನಾಳೆ ನೋಡ್ತೀನಮ್ಮಾ" ಅಂತಾನೆ. ಅವನ ನಾಳೆ ಎಂಥದ್ದು ಅಂತ ನಿನಗಿಂತ ಚೆನ್ನಾಗಿ ಗೊತ್ತು ನನಗೆ, ಹೆತ್ತಿದೀನಿ.

ಯಾರದಾ? ನಂದಲ್ಲಪ್ಪ! ನನಗೆಲ್ಲಿಂದ ಬರ್ಬೇಕು ಇಂಥ ಫೋಟೋ. ನನ್ನ ಗೆಳತಿದು. ಮೊಣಕಾಲಿನ ವ್ಯಾಯಾಮಕ್ಕೆ ಹೋಗ್ತೀನಲ್ಲ, ಶನಿವಾರ ಶನಿವಾರ... ಅಲ್ಲಿಗೆ ಬರ್ತಾಳೆ. ದಪ್ಪಗಿದಾಳೆ... ಅಂದ್ರೆ ತೀರಾ ದಪ್ಪ ಅಲ್ಲ. ಮಧ್ಯಮ. ಕನ್ನಡಕ ಹಾಕ್ತಾಳೆ. ಹೆಸರಾ? ಹೆಸರು ಯಾರು ಕೇಳ್ತಾರೆ ಅಲ್ಲಿ, ಎಲ್ಲರೂ ಅಯ್ಯೋ ಕಾಲು, ಅಮ್ಮಾ ಕಾಲು ಅಂತಿರ್ತೀವಿ. ಪಾಪ, ಫೋಟೋ ತೆಗೆಯೋ ಹುಚ್ಚು ಅವಳಿಗೆ. ಗ್ರಂಥಾಲಯದ ಮಹಡಿ ಮೇಲೆ ಪಾಠ ನಡೆಯುತ್ತಂತೆ, ಮುಂಚೆ ಸ್ಟುಡಿಯೋ ಇಟ್ಟಿದ್ದ ಮೇಷ್ಟ್ರೊಬ್ಬರು ಹೇಳಿಕೊಡ್ತಾರಂತೆ. ಎಲ್ಲರ ಫೋಟೋನೂ ಗೋಡೆಗೆ ಹಾಕ್ತಾರಂತೆ, ಜನ ಬಂದು ನೋಡ್ತಾರಂತೆ. ಇವತ್ತು ಸಂಜೆಯೊಳಗೆ ಕಳಿಸ್ಬೇಕು. ಅದೂ ಜೆಪೆಗ್ ಅನ್ನೋ ತರದ ಫೈಲ್ ಆಗಿದ್ರೇನೇ ತಗೊಳ್ಳೋದು. ಅದಕ್ಕೇ ನಿನ್ನ ಹತ್ರ ಬಂದಿದ್ದು... ಅವಳ ಪರವಾಗಿ.

ಹೂಂ... ಅದು ನಾನೇ ಮಾಡಿದ್ದು. ಹೆಸರಿನ ಕೊನೆಗೆ ಎನ್‌ಇಎಫ್ ಅಂತ ಏನೋ ಬಾಲ ಇತ್ತು. ಜೆಪೆಗ್ ಬೇಕಲ್ಲ ಅಂತ ಅದನ್ನ ಅಳಿಸಿ ಜೆಪಿಜಿ ಅಂತ ಬರೆದೆ. ಹೆಸರು ಬದಲಾದ್ರೆ ಬುದ್ಧಿ ಬದಲಾಗುತ್ತೇನೋ ಅಂತ... ಆಗಲ್ವಾ? ಹೋಗ್ಲಿ ಬಿಡು, ಮನುಷ್ಯರಿಗೇ ಆಗಲ್ಲ. ಆಮೇಲೆ ಅದು "ಫೈಲು ಹಾಳಾಗಿದೆ" ಅಂತ ಹೇಳ್ತು ನೋಡು, ಬೇರೆ ಯಾವುದರಲ್ಲೋ ತೆರೆದ್ರೆ ಈ ಇರುವೆ ಸಾಲು! ಈಗೇನು ಮಾಡ್ತಿದೀಯ... ಮತ್ತೆ ಎನ್‌ಇಎಫ್ ಅಂತಾನೇ ಬರೆದ್ಯಾ? ಹಳೇ ಹೆಸರು ಹಿಡಿದು ಕರೆದ್ರೆ ಕೋಪ ಇಳಿಯುತ್ತಾ ಇದಕ್ಕೆ?

ಏನಂದೆ, ರಾ ಫೈಲಾ, ರಾ ಅಂದ್ರೆ ಹಸೀದಾ? ಓಹೋ, ಕ್ಯಾಮೆರಾ ಕಂಡಿದ್ದನ್ನೆಲ್ಲ ಬೇಯಿಸದೆ ಹಾಗೇ ಇಟ್ಟಿರುತ್ತೆ, ನಾವು ಬೇಕಾದ ಹದಕ್ಕೆ ಬೇಯಿಸ್ಕೋಬೇಕು. ಹೌದು ಹೌದು, ಮೇಷ್ಟ್ರೂ ಇದನ್ನೇ ಹೇಳಿದ್ರು. ಬೆಳಕು ಕಡಿಮೆ ಇದ್ರೂ ಆಮೇಲೆ ಎಬ್ಬಿಸ್ಬಹುದು, ಅದಕ್ಕೇ ಹೀಗೇ ತೆಗೀರಿ ಅಂತ... ಅವಳಿಗೆ! ಅವಳಿಗೆ ಹೇಳಿದ್ರಂತೆ. ನನಗ್ಯಾಕೆ ಹೇಳ್ತಾರೆ ಮೇಷ್ಟ್ರು? ಯಾಕೆ ಹಾಗೆ ನೋಡ್ತೀಯ? ಕಂಪ್ಯೂಟರ್ ನೋಡು.

ಬೇರೆ ಸಾಫ್ಟ್‌ವೇರ್ ಬೇಕಾ? ಹಾಕ್ಕೋ. ಎಷ್ಟು ಬೇಕಾದ್ರೂ ಹಾಕ್ಕೋ. ಅದೇನದು, ಹಸಿರು ಗೀಟು ಬಸವನಹುಳು ಹಾಗೆ ತೆವಳ್ತಿದೆ... ಆಗ್ಲಿ, ಕಾಯೋಣ. ನೀನ್ಯಾಕೆ ಎದ್ದೆ? ನನಗೆ ಕುರ್ಚಿ ಬೇಡ ಕಣಮ್ಮಾ, ನಿಂತಿರ್ತೀನಿ, ಕಾಲಿಗೇನೂ ಆಗಲ್ಲ... ಅಂದ್ರೆ ನೋವಿದೆ, ಆದ್ರೆ ನಿಲ್ಲೋ ನೋವು ಅಲ್ಲ, ನಡೆಯೋ ನೋವು. ಅಯ್ಯೋ ಕೂತ್ಕೊಳ್ಳೇ!

ಬಂತು! ಬಂತು ಬಂತು! ... ಅಯ್ಯಯ್ಯೋ, ಇದೇನೇ ಅರ್ಧ? ಮೇಲರ್ಧ ಗೋಡೆ, ಕೆಳಗರ್ಧ ಬೂದಿ ಬಳಿದ ಹಾಗೆ... ಎಲ್ಲಿ ಹೋಯ್ತು ಮಿಕ್ಕಿದ್ದು? ಪೂರ್ತಿ ಕಾಪಿ ಆಗೋಕೆ ಮುಂಚೇನೇ ಪೆನ್‌ಡ್ರೈವ್ ಕಿತ್ತಿದ್ದಾರಾ? ಕಿತ್ತಿರ್ಬೇಕು. ಅವಳಿಗೆ ತಾಳ್ಮೆ ಅನ್ನೋದೇ ಇಲ್ಲ. ಹಾಲು ಉಕ್ತಾ ಇತ್ತು, ಓಡಿದೆ... ಓಡಿದಳು! ಅವಳ ಮನೇಲೂ ಹಾಲು ಉಕ್ಕುತ್ತಮ್ಮಾ, ನಮ್ಮನೇಲಿ ಮಾತ್ರಾನಾ?

ಅಷ್ಟು ಹತ್ರ ಮುಖ ಇಟ್ಕೊಂಡು ಏನು ನೋಡ್ತಿದೀಯ. ಗೋಡೆ ಅದು. ಹೊಗೆ ಎಳೆಯೋ ಫ್ಯಾನು. ಒಂದು ರೆಕ್ಕೆ ಮುರಿದಿದೆ, ಹೌದು. ನಮ್ಮದೂ ಮುರಿದಿದೆ, ಅದಕ್ಕೇನೀಗ? ಆ ತರದ ಫ್ಯಾನಿಗೆಲ್ಲ ಅದೇ ರೆಕ್ಕೆ ಮುರಿಯೋದು. ಡಬ್ಬಿಗಳಾ? ಸಾಲಾಗಿ ಡಬ್ಬಿ ಇಡೋದು ನಾವೊಬ್ಬರೇನಾ? ಕೆಂಪು ಡಬ್ಬಿಗೆ ನೀಲಿ ಮುಚ್ಚಳ... ಅದು... ಅವಳ ಮನೇಲೂ ಮುಚ್ಚಳ ಕಳೆದುಹೋಗಿರ್ಬೇಕು.

ಕಾರ್ಡಾ? ಕ್ಯಾಮೆರಾದ್ದೇ ಕಾರ್ಡ್ ಬೇಕಾ? ಅದು ಅವಳ ಹತ್ರ ಇರುತ್ತೆ, ಅಷ್ಟು ದೂರ ಈಗ ಹೇಗೆ... ಇಲ್ದಿದ್ರೆ ಆಗೋದೇ ಇಲ್ವಾ? ಪೂರ್ತಿ ಬರೋದೇ ಇಲ್ವಾ? ಸಂಜೆಗೆ ಕಳಿಸ್ಬೇಕಲ್ಲೇ... ಇರು. ಇರು, ನನ್ನ ಪರ್ಸಲ್ಲಿ ನೋಡ್ತೀನಿ. ... ತಗೋ. ಬಂದಿತ್ತು ನನ್ನ ಜೊತೆಗೇ. ಹಾಗೆ ನೋಡಬೇಡ ಅಂದ್ನಲ್ಲ!

ಒಂದು ನಿಮಿಷ, ನಾನು ಹೋಗಿ ಬಟ್ಟೆ ಒಣಗಾಕ್ತೀನಿ. ನೀನು ತೆರೆದು, ಬದಲಾಯಿಸಿ, ನೋಡದೆ ಹಾಗೇ... ನೋಡದೆ ಮಾಡಕ್ಕಾಗಲ್ವಾ? ಕಣ್ಣು ಮುಚ್ಕೊಂಡು ಹೇಗೆ ಮಾಡ್ತೀಯ, ಅದೂ ಸರಿ. ಆಯ್ತು, ಇಲ್ಲೇ ಇರ್ತೀನಿ. ತೆಗಿ. ಬೇಗ ತೆಗಿ. ಬೇಡ, ನಿಧಾನ...

ಬಂತು.

...

ಪೂರ್ತಿ ಬಂತು ಅಲ್ವಾ? ಬಣ್ಣ ಸ್ವಲ್ಪ ಪೇಲವ. ಹಸೀದಲ್ವಾ, ಬೇಯಿಸಿದ್ರೆ ಸರಿಹೋಗುತ್ತೆ.

...

ಗೆಳತಿ ಎಲ್ಲಿ ಅಂತಾನಾ? ಕಾಫಿ ಆರಿಹೋಗ್ತಿದೆ... ಬಿಸಿ ಮಾಡ್ಕೊಂಡು ಬರ್ಲಾ?

ಇಲ್ಲ ಕಣೇ. ಗೆಳತಿ ಇಲ್ಲ. ಮಧ್ಯಮ ದಪ್ಪ, ಕನ್ನಡಕ, ನಿನ್ನ ಪಕ್ಕದಲ್ಲೇ ನಿಂತಿದಾಳೆ. ಮೊಣಕಾಲೂ ಚೆನ್ನಾಗಿದೆ, ಗ್ರಂಥಾಲಯದ ಮೆಟ್ಟಿಲು ಓಡಿ ಹತ್ತುತ್ತೆ. ಕ್ಯಾಮೆರಾ ನನ್ನ ತಮ್ಮನದು, ಬೀರುವಿನಲ್ಲಿ ಬೂಜು ಹಿಡಿದು ಕೂತಿತ್ತು, ಕೇಳಿದೆ, ಕೊಟ್ಟ. ಈ ವಯಸ್ಸಲ್ಲಿ ಇದೇನು ಶೋಕಿ ಅಂತ ನೀವೆಲ್ಲ ನಗ್ತೀರಿ ಅಂತ ಹೇಳಲಿಲ್ಲ. ನೀನು ದಿನಾ "ಕಾಲು ಹೇಗಿದೆ ಅತ್ತೆ" ಅಂತ ಕೇಳ್ದಾಗೆಲ್ಲ ಎರಡು ಹೆಜ್ಜೆ ಕುಂಟಿ ತೋರಿಸ್ತಿದ್ದೆ. ಕಾಲಿಗೆ ಅಂತ ಎಣ್ಣೆ ಬೇರೆ ತಂದ್ಕೊಟ್ಟೆ. ಹಚ್ಕೊಂಡಿದೀನಿ, ಹಾಳು ಮಾಡಿಲ್ಲ.

ಫೋಟೋದ ಮೇಲೇ ಬೆರಳಿಟ್ಟು ತೋರಿಸ್ತಿದೀಯ... ಅದಲ್ಲ ಅಲ್ವಾ ನೀನು ಕೇಳ್ತಿರೋದು.

ಅವತ್ತೊಂದು ಶನಿವಾರ ನಿನಗೆ ರಜ ಇತ್ತು. ನನ್ನ ಪಾಠ ಬೇಗ ಮುಗೀತು. ಚಪ್ಪಲಿ ಬಿಟ್ಟು ಒಳಗೆ ಬರ್ತೀನಿ, ಅಡುಗೆಮನೇಲಿ ಏನೋ ಸದ್ದು. ನೋಡಿದ್ರೆ ನೀನು! ಕಿವಿಗೆ ಅದೇನೋ ಸಿಕ್ಕಿಸ್ಕೊಂಡು, ಸೌಟು ಮೈಕ್ ಹಾಗೆ ಹಿಡ್ಕೊಂಡು, ಒಲೆ ಮುಂದೆ ಗಿರಗಿರ ತಿರುಗ್ತಿದೀಯ. ಕೂದಲು ಬಿಚ್ಚಿ ಮುಖದ ಮೇಲೆ. ಆಮೇಲೆ ಏನು ನೆನಪಾಯ್ತೋ, ತಲೆ ಹಿಂದಕ್ಕೆ ಹಾಕಿ ನಕ್ಕೆ... ಇದೇ ನಗು. ನೋಡು, ಹಲ್ಲೆಲ್ಲ ಕಾಣೋ ಹಾಗೆ. ನಿನಗೆ ಅಷ್ಟು ಹಲ್ಲಿದೆ ಅಂತಾನೇ ಗೊತ್ತಿರಲಿಲ್ಲ ನನಗೆ!

ಒಳಗೆ ಬರೋಣ ಅಂತ ಕಾಲಿಟ್ಟೆ. ಹಿಂದಕ್ಕೆ ತೆಗೆದೆ. ಬಂದಿದ್ರೆ ಏನಾಗ್ತಿತ್ತು ಹೇಳು? ಸೌಟು ಕೆಳಗಿಟ್ಟು, ಕೂದಲು ಕಟ್ಕೊಂಡು, ಶಾಲೆ ಹುಡುಗಿ ಹಾಗೆ ನಿಂತ್ಕೊಂಡು "ಏನು ಬೇಕಿತ್ತು ಅತ್ತೆ?" ಅಂತಿದ್ದೆ. ಯಾವಾಗಲೂ ಅದನ್ನೇ ಕೇಳ್ತೀಯ. ಏನು ಬೇಕಿತ್ತು, ಏನು ಬೇಕಿತ್ತು... ಇದು ಬೇಕಿತ್ತು ಕಣೇ! ಮದುವೆಯಾಗಿ ಬಂದಾಗಿಂದ ನೀನು ನನಗೆ ಏನು ಕೊಟ್ಟಿಲ್ಲ? ಹೊತ್ತಿಗೆ ಸರಿಯಾಗಿ ಮಾತ್ರೆ, ಬಿಸಿನೀರು, ಮರ್ಯಾದೆ... ಮರ್ಯಾದೆ ಅಂತೂ ಹೊರಲಾರದಷ್ಟು. ಇದೊಂದು ಕೊಡಲಿಲ್ಲ. ಅದಕ್ಕೇ ಬಾಗಿಲ ಮರೇಲಿ ನಿಂತು ಕದ್ದೆ.

ಅಂಗಡಿಗೆ ಒಯ್ದಿದ್ರೆ ಚಿಟಿಕೆ ಹೊಡೆಯೋದ್ರಲ್ಲಿ ತೆರೆದು ಕೊಡ್ತಿದ್ರು. ನೀನೇ ತೆರೀಲಿ ಅಂತ ಇತ್ತು ನನಗೆ. ಕೋಪ ಬಂದ್ರೆ ಗೆಳತಿ ತಲೆ ಮೇಲೆ ಹಾಕಿಬಿಡೋಣ ಅಂತಾನೂ ಇತ್ತು. ಬೈಯಿ ನೀನು. ಕೇಳದೆ ತೆಗೆದಿದ್ದು ತಪ್ಪೇ. ಗೋಡೆಗೆ ಹಾಕೋದು ಬೇಡ ಅಂದ್ರೆ ಬೇಡ, ಮೇಷ್ಟ್ರಿಗೆ ಮನೆ ಮುಂದಿನ ಬೆಕ್ಕಿನ ಫೋಟೋ ಕಳಿಸ್ತೀನಿ.

ಏನು ಒತ್ತಿದೆ ಈಗ? ಅಳಿಸ್ತಿದೀಯಾ... ಅಳಿಸು. ನಾನು ಆ ಕಡೆ ತಿರುಗ್ಕೋತೀನಿ, ಆಮೇಲೆ ಹೇಳು. ... ಆಯ್ತಾ? ಏನಿದು, ಇನ್ನೂ ಇದೆಯಲ್ಲ... ಅಯ್ಯೋ, ಬೆಳಕು ಜಾಸ್ತಿ ಆಯ್ತು! ಮುಖಕ್ಕೆ ಎಂಥಾ ಕಳೆ ಬಂತು ನೋಡು! ಕೊನೆಗೆ ಏನು ಬರೆದೆ... ಜೆ, ಪೆ... ಜೆಪೆಗ್ಗಾ? ನಿಜವಾಗ್ಲೂ?

ಅಳಬೇಡ್ವೇ. ಭುಜ ಯಾಕೆ ಹಾಗೆ ಅಲ್ಲಾಡ್ತಿದೆ, ಇಲ್ಲಿ ತಿರುಗು... ನಗ್ತಿದೀಯಾ? ಯಾಕೆ, ಸೌಟು ನೋಡಿನಾ? ಬಾಯಿಗೆ ಕೈ ಅಡ್ಡ ಇಡಬೇಡ, ತೆಗಿ, ತೆಗಿ... ಅಯ್ಯೋ ನನ್ನಮ್ಮಾ, ನಾನು ಇಲ್ಲೇ ಇದೀನಿ ಕಣೇ, ಎದುರಿಗೇ ಇದೀನಿ... ಆದ್ರೂ ನಗ್ತಿದೀಯಲ್ಲೇ!